ಟೆಂಡರ್ ಕೈತಪ್ಪಿದ ಮೇಲೆ: ಮೊದಲ 30 ದಿನದಲ್ಲಿ ಏನೇನು ಮಾಡಬೇಕು

ಉಡುಪಿ ಕಡೆ ಸಣ್ಣ ಮಟ್ಟದ ಎಲೆಕ್ಟ್ರಿಕಲ್ ಕಂಟ್ರಾಕ್ಟ್ ಮಾಡಿಕೊಂಡು ಬಂದವನು ನಾನು. ಬೀದಿದೀಪ, ಪಂಪ್‌ಹೌಸ್ ಪ್ಯಾನೆಲ್, ಶಾಲೆ ಕಟ್ಟಡದ ವೈರಿಂಗ್, ಹೀಗೆ. ಕೆಲವು ವರ್ಷದ ಹಿಂದೆ ಒಂದು ಸ್ಥಳೀಯ ಸಂಸ್ಥೆಯ ಬೀದಿದೀಪದ ಟೆಂಡರಿನಲ್ಲಿ ನನ್ನ ಬಿಡ್ ಮೊದಲ ಲಕೋಟೆಯಲ್ಲೇ, ಅಂದರೆ ದರ ನೋಡುವ ಮೊದಲು ದಾಖಲೆ ಪರಿಶೀಲಿಸುವ ತಾಂತ್ರಿಕ ಹಂತದಲ್ಲೇ, ಬಿದ್ದುಹೋಯಿತು. ಟರ್ನೋವರ್ ಸರ್ಟಿಫಿಕೇಟಿನಲ್ಲಿ ಯುಡಿಐಎನ್ (ಲೆಕ್ಕಪರಿಶೋಧಕರು ಸಹಿ ಮಾಡಿದ ಕಾಗದಕ್ಕೆ ಇರುವ ಗುರುತಿನ ಸಂಖ್ಯೆ) ಇಲ್ಲ ಅಂತ ಕಾರಣ ಬರೆದಿದ್ದರು. ಇತ್ತು! ಲೆಕ್ಕಪರಿಶೋಧಕರ ಸೀಲಿನ ಕೆಳಗೆ 18 ಅಂಕಿಯ ನಂಬರ್ ಇತ್ತು, ಸ್ಕ್ಯಾನ್ ಮಾಡುವಾಗ ಸ್ವಲ್ಪ ಮಸುಕಾಗಿತ್ತು ಅಷ್ಟೇ. ಜೂಮ್ ಮಾಡಿ ನೋಡಿದರೆ ಓದಬಹುದಿತ್ತು.

ನಾನು ಮಾಡಿದ್ದೇನು? ಪ್ರಿಂಟ್ ಹಿಡಿದುಕೊಂಡು ಕಚೇರಿಗೆ ಹೋದೆ. "ಸಾಹೇಬರು ಮೀಟಿಂಗಿನಲ್ಲಿ ಇದ್ದಾರೆ, ಸೋಮವಾರ ಬನ್ನಿ" ಅಂದರು. ಸೋಮವಾರ ಹೋದೆ. "ಫೈಲ್ ಮೇಲೆ ಹೋಗಿದೆ, ನೋಡುವಾ" ಅಂದರು. ಹೀಗೆ ಓಡಾಡಿ ಓಡಾಡಿ ಕೊನೆಗೆ ಮಂಗಳೂರಿನ ಒಬ್ಬ ವಕೀಲರ ಹತ್ತಿರ ಹೋದಾಗ ಅವರು ನನ್ನ ಕಥೆ ಕೇಳಲೇ ಇಲ್ಲ, ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಆದೇಶ ಕೈಗೆ ಬಂದದ್ದು ಯಾವತ್ತು?" ಎಣಿಸಿ ನೋಡಿದರೆ 41 ದಿನ ಆಗಿತ್ತು. ಅಪೀಲಿಗೆ ಇದ್ದದ್ದು 30. ಅಷ್ಟರಲ್ಲಿ ಗೆದ್ದವರು ಕಂಬ ನಿಲ್ಲಿಸಿ ದೀಪ ಹಾಕಲು ಶುರು ಮಾಡಿದ್ದರು. ಈ 41 ದಿನದಲ್ಲಿ ನಾನು ಕಚೇರಿಗೆ ಒಂದೇ ಒಂದು ಲಿಖಿತ ಕಾಗದ ಕೊಟ್ಟಿರಲಿಲ್ಲ.

ಆಮೇಲೆ ಓದಿ, ಕೇಳಿ, ಒಂದೆರಡು ಜನರಿಗೆ ಜೊತೆ ಕೊಟ್ಟು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡ ಕಂಪನಿಗಳಿಗೆ ಇದನ್ನೆಲ್ಲ ನೋಡಿಕೊಳ್ಳಲು ಜನ ಇರುತ್ತಾರೆ. ನಮ್ಮಂಥ ಸಣ್ಣವರಿಗೆ ಯಾರೂ ಇರುವುದಿಲ್ಲ ಅಲ್ವಾ, ಅದಕ್ಕೆ. ಹೈಕೋರ್ಟಿನವರೆಗೆ ಹೋಗುವ ಹಂತದಲ್ಲಿ ವಕೀಲರು ಬೇಕೇ ಬೇಕು. ಆದರೆ ಅವರ ಹತ್ತಿರ ಹೋಗುವ ಮೊದಲು ಮಾಡಬೇಕಾದ ಕೆಲಸ ಬಹಳ ಉಂಟು, ಅದು ನಾವೇ ಮಾಡುವಂಥದ್ದು.

ಮೊದಲು: ಟೆಂಡರ್ ಯಾರದ್ದು?

ಇದು ಸುಲಭ ಅನ್ನಿಸುತ್ತದೆ, ಆದರೆ ತುಂಬಾ ಜನ ಇಲ್ಲೇ ತಪ್ಪುತ್ತಾರೆ. ಮಂಗಳೂರು ಮಹಾನಗರ ಪಾಲಿಕೆ, ಉಡುಪಿ ನಗರಸಭೆ, ಜಿಲ್ಲಾ ಪಂಚಾಯತ್, ಲೋಕೋಪಯೋಗಿ ಇಲಾಖೆ, ಮೆಸ್ಕಾಂ ಇವೆಲ್ಲ ರಾಜ್ಯದ ಕಡೆಯವು. ಇವುಗಳ ಟೆಂಡರಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಅನ್ವಯಿಸುತ್ತದೆ. ನಮ್ಮ ಬಾಯಲ್ಲಿ ಕೆಟಿಪಿಪಿ ಕಾಯ್ದೆ. ಅದರ ನಿಯಮಗಳು 2000ನೇ ಇಸವಿಯವು, ಬಿಡ್ ಹಾಕುವುದು ಕೆಪಿಪಿಪಿ, ಅಂದರೆ ರಾಜ್ಯದ ಸಾರ್ವಜನಿಕ ಸಂಗ್ರಹಣೆ ಪೋರ್ಟಲಿನಲ್ಲಿ.

ಪಣಂಬೂರಿನ ನವ ಮಂಗಳೂರು ಬಂದರು ಪ್ರಾಧಿಕಾರ, ಸುರತ್ಕಲ್‌ನ ಎನ್‌ಐಟಿಕೆ, ಎಂಆರ್‌ಪಿಎಲ್, ಕೊಂಕಣ ರೈಲ್ವೆ ಕೇಂದ್ರದ ಕಡೆಯವು. ಇಲ್ಲಿ ಕೆಟಿಪಿಪಿ ಅಪೀಲು ಇಲ್ಲವೇ ಇಲ್ಲ. ಕೇಂದ್ರದ ಕಚೇರಿಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳು, ಅಂದರೆ ಜಿಎಫ್‌ಆರ್ ಉಂಟು. ಸಾರ್ವಜನಿಕ ಉದ್ಯಮಗಳಿಗೆ ಅವರವರದ್ದೇ ಖರೀದಿ ಕೈಪಿಡಿ ಇರುತ್ತದೆ. ಜಿಎಫ್‌ಆರ್ 173ನೇ ನಿಯಮದಲ್ಲಿ ನಮಗೆ ಬೇಕಾದ ಮಾತು ಒಂದುಂಟು: ಬಿಡ್ ತಿರಸ್ಕಾರವನ್ನು ಪ್ರಶ್ನಿಸಲು ಟೆಂಡರ್ ದಾಖಲೆಯಲ್ಲೇ ಅವಕಾಶ ಇಡಬೇಕು, ಬಿಡ್‌ದಾರ ವಿಚಾರಿಸಿದರೆ ಕಾರಣ ಹೇಳಬೇಕು. ದೊಡ್ಡ ಟೆಂಡರುಗಳಲ್ಲಿ ಇಂಟೆಗ್ರಿಟಿ ಪ್ಯಾಕ್ಟ್ (ಭ್ರಷ್ಟಾಚಾರ ಮಾಡುವುದಿಲ್ಲ ಅಂತ ಎರಡೂ ಕಡೆಯವರು ಮಾಡಿಕೊಳ್ಳುವ ಒಪ್ಪಂದ) ಇದ್ದರೆ ಸ್ವತಂತ್ರ ಬಾಹ್ಯ ಮೇಲ್ವಿಚಾರಕರು ಇರುತ್ತಾರೆ, ಅವರಿಗೂ ಬರೆಯಬಹುದು. ಅವರ ವಿಳಾಸ ಟೆಂಡರ್ ದಾಖಲೆಯಲ್ಲೇ ಕೊಟ್ಟಿರುತ್ತಾರೆ.

ಬಜಪೆ ವಿಮಾನ ನಿಲ್ದಾಣದ ನಿರ್ವಹಣೆ 2020ರಿಂದ ಖಾಸಗಿಯವರ ಕೈಯಲ್ಲಿದೆ. ಅಂಥ ಕಡೆಯ ಗುತ್ತಿಗೆಗೆ ಈ ಲೇಖನದ ದಾರಿ ಹಾಗೆಯೇ ಹೊಂದುವುದಿಲ್ಲ.

ಇನ್ನು ಟೆಂಡರೇ ಕರೆಯದೆ ಕೆಲಸ ಕೊಟ್ಟಿದ್ದಾರೆ ಅಂದರೆ ಕೆಟಿಪಿಪಿ ಕಾಯ್ದೆಯ 4ನೇ ಸೆಕ್ಷನ್ ನೋಡಿ. ಸರ್ಕಾರ ಘೋಷಿಸಿದ ನೈಸರ್ಗಿಕ ವಿಕೋಪ ಅಥವಾ ತುರ್ತು ಪರಿಸ್ಥಿತಿಯಲ್ಲಿ ವಿನಾಯಿತಿ ಉಂಟು, ಅದೇ ಸೆಕ್ಷನ್ನಿನ 4(ಜಿ) ಅಡಿ ಸರ್ಕಾರ ಅಧಿಸೂಚನೆ ಹೊರಡಿಸಿಯೂ ವಿನಾಯಿತಿ ಕೊಡಬಹುದು. ಕಡಲ್ಕೊರೆತ ಆದಾಗ ಕಲ್ಲು ಹಾಕುವ ಕೆಲಸ ಇದ್ದಕ್ಕಿದ್ದಂತೆ ಶುರುವಾದರೆ, ಯಾವ ವಿನಾಯಿತಿಯ ಅಡಿ ಕೊಟ್ಟಿದ್ದಾರೆ, ಆ ಆದೇಶದ ನಂಬರ್ ಎಷ್ಟು ಅಂತ ಕೇಳುವುದೇ ಮೊದಲ ಹೆಜ್ಜೆ.

ಫಲಿತಾಂಶ ಕಂಡ ದಿನವೇ

ಬೇರೆ ಯಾರಿಗೂ ಫೋನ್ ಮಾಡುವ ಮೊದಲು ಕಂಪ್ಯೂಟರ್ ಮುಂದೆ ಕೂತುಕೊಳ್ಳಿ. ಪೋರ್ಟಲಿನಲ್ಲಿ ಆ ಟೆಂಡರಿನ ಪ್ರತಿಯೊಂದು ಪುಟವನ್ನೂ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಟೆಂಡರ್ ಪ್ರಕಟಣೆ, ತಿದ್ದುಪಡಿಗಳು, ಪ್ರೀ-ಬಿಡ್ ಸಭೆಯ ಉತ್ತರಗಳು, ನೀವು ಅಪ್‌ಲೋಡ್ ಮಾಡಿದ ಫೈಲುಗಳು, ಸ್ವೀಕೃತಿ, ತಾಂತ್ರಿಕ ಮೌಲ್ಯಮಾಪನದ ಫಲಿತಾಂಶ, ತಿರಸ್ಕಾರಕ್ಕೆ ಬರೆದ ಕಾರಣ. ಸ್ಕ್ರೀನ್‌ಶಾಟ್ ತೆಗೆಯುವಾಗ ದಿನಾಂಕ ಮತ್ತು ಸಮಯ ಕಾಣುವ ಹಾಗೆ ತೆಗೆಯಿರಿ. ಇಮೇಲ್, ಎಸ್ಸೆಮ್ಮೆಸ್ ಬಂದಿದ್ದರೆ ಅಳಿಸಬೇಡಿ. ಆದೇಶ ನಿಮಗೆ ತಲುಪಿದ ದಿನ ಯಾವುದು ಅನ್ನುವುದಕ್ಕೆ ಅದೇ ಸಾಕ್ಷಿ.

ಅಪ್‌ಲೋಡ್ ಮಾಡಿದ ಫೈಲನ್ನು ಪೋರ್ಟಲಿನಿಂದಲೇ ಮತ್ತೆ ಡೌನ್‌ಲೋಡ್ ಮಾಡಿ ನೋಡಿ. ನಿಮ್ಮ ಕಂಪ್ಯೂಟರಿನಲ್ಲಿ ಇರುವ ಪ್ರತಿ ಬೇರೆ, ಅವರು ನೋಡಿದ ಪ್ರತಿ ಬೇರೆ ಇರಬಹುದು. ನನ್ನ ವಿಷಯದಲ್ಲಿ ಆದದ್ದು ಅದೇ. ಆಫೀಸಿನ ಪ್ರತಿಯಲ್ಲಿ ನಂಬರ್ ಸ್ಪಷ್ಟ ಇತ್ತು, ಅಪ್‌ಲೋಡ್ ಮಾಡಲು ಫೈಲ್ ಸೈಜ್ ಕಡಿಮೆ ಮಾಡಿದಾಗ ಮಸುಕಾಯಿತು.

ಮತ್ತೆ ಒಂದು ಕ್ಯಾಲೆಂಡರ್ ತೆಗೆದುಕೊಂಡು ಮೂರು ದಿನಾಂಕಕ್ಕೆ ಗುರುತು ಹಾಕಿ: ಆದೇಶ ತಲುಪಿದ ದಿನ, ಅಲ್ಲಿಂದ 30ನೇ ದಿನ, ನಿಮ್ಮ ಬಿಡ್‌ನ ವ್ಯಾಲಿಡಿಟಿ ಮುಗಿಯುವ ದಿನ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಜಗಳ ನಡೆಯುತ್ತಿರುವಾಗಲೇ ನಿಮ್ಮ ಬಿಡ್‌ನ ಅವಧಿ ಮುಗಿದರೆ, "ನಿಮ್ಮ ಬಿಡ್ ಈಗ ಜೀವಂತ ಇಲ್ಲವಲ್ಲ" ಅಂತ ಎದುರಿನವರು ಹೇಳುತ್ತಾರೆ. ಅವಧಿ ವಿಸ್ತರಿಸಲು ಒಪ್ಪಿಗೆ ಇದೆ ಅಂತ ಮೊದಲೇ ಪತ್ರ ಕೊಟ್ಟಿಡಿ.

ನಿಮ್ಮ ದೂರು ನಿಜವಾಗಿ ಏನು?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. "ನನಗೆ ಅನ್ಯಾಯ ಆಯಿತು", "ನಾನು ಕಡಿಮೆ ರೇಟ್ ಹಾಕಿದ್ದೆ", "ಅವರಿಗೆ ಮೊದಲೇ ಫಿಕ್ಸ್ ಆಗಿತ್ತು" ಇವು ಯಾವುವೂ ಅಪೀಲಿನ ಆಧಾರ ಆಗುವುದಿಲ್ಲ. ನಾಲ್ಕು ಮಹಾನಗರಗಳ ಮೊಬೈಲ್ ಫೋನ್ ಲೈಸೆನ್ಸಿಗೆ ಸಂಬಂಧಪಟ್ಟ ಟಾಟಾ ಸೆಲ್ಯುಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿದ್ದು ಇವತ್ತಿಗೂ ಎಲ್ಲ ಟೆಂಡರ್ ವ್ಯಾಜ್ಯಗಳ ಬುನಾದಿ. ಕೋರ್ಟ್ ನೋಡುವುದು ನಿರ್ಧಾರಕ್ಕೆ ಬಂದ ದಾರಿಯನ್ನು. ಯಾರಿಗೆ ಕೊಡಬೇಕಿತ್ತು ಅಂತ ಅಧಿಕಾರಿಯ ಕುರ್ಚಿಯಲ್ಲಿ ಕೂತು ಕೋರ್ಟ್ ತೀರ್ಮಾನ ಮಾಡುವುದಿಲ್ಲ. 2006ರ ಜಗದೀಶ್ ಮಂಡಲ್ ತೀರ್ಪಿನಲ್ಲಿ ಎರಡು ಪ್ರಶ್ನೆ ಇಟ್ಟರು: ನಿರ್ಧಾರದಲ್ಲಿ ದುರುದ್ದೇಶ ಅಥವಾ ಯಾರೋ ಒಬ್ಬರಿಗೆ ಪಕ್ಷಪಾತ ಇತ್ತೇ, ಅಥವಾ ಯಾವ ವಿವೇಕ ಇರುವ ಅಧಿಕಾರಿಯೂ ಹಾಗೆ ಮಾಡಲಾರದಷ್ಟು ಅದು ಮನಬಂದಂತೆ ಇತ್ತೇ? ಸಾರ್ವಜನಿಕ ಹಿತಕ್ಕೆ ಪೆಟ್ಟು ಬಿದ್ದಿದೆಯೇ? ಎರಡಕ್ಕೂ ಉತ್ತರ "ಇಲ್ಲ" ಅಂತಾದರೆ ಕೋರ್ಟ್ ಕೈ ಹಾಕುವುದಿಲ್ಲ. 2016ರ ಅಫ್ಕಾನ್ಸ್ ಪ್ರಕರಣದಲ್ಲಿ ಇನ್ನೊಂದು ಮಾತು ಸೇರಿತು, ಟೆಂಡರ್ ಶರತ್ತಿನ ಅರ್ಥ ಏನು ಅಂತ ಚೆನ್ನಾಗಿ ಗೊತ್ತಿರುವುದು ಅದನ್ನು ಬರೆದವರಿಗೇ ಅಂತ.

ಹಾಗಾದರೆ ನಿಲ್ಲುವ ದೂರು ಯಾವುದು? ಟೆಂಡರಿನಲ್ಲಿ ಬರೆದ ಶರತ್ತನ್ನು ನಿಮಗೆ ಒಂದು ರೀತಿ, ಗೆದ್ದವರಿಗೆ ಇನ್ನೊಂದು ರೀತಿ ಹಚ್ಚಿದ್ದು. ಟೆಂಡರಿನಲ್ಲಿ ಇಲ್ಲದ ಶರತ್ತು ಹೇಳಿ ನಿಮ್ಮನ್ನು ತೆಗೆದದ್ದು. ಕೊಟ್ಟ ದಾಖಲೆಯನ್ನು ಕೊಟ್ಟಿಲ್ಲ ಅಂದದ್ದು. ಬಿಡ್ ಸಲ್ಲಿಸಲು ನಿಯಮದಲ್ಲಿರುವ ಕನಿಷ್ಠ ದಿನ ಕೊಡದೆ, ಮೇಲಿನ ಅಧಿಕಾರಿಯ ಲಿಖಿತ ಕಾರಣವೂ ಇಲ್ಲದೆ ಅವಧಿ ಕಡಿತ ಮಾಡಿದ್ದು. ಕಾರಣವನ್ನೇ ಬರೆಯದೆ ತಿರಸ್ಕರಿಸಿದ್ದು. ಇಂಥವಕ್ಕೆ ಬೆಲೆ ಉಂಟು.

ಒಂದು ಉದಾಹರಣೆ ಲೆಕ್ಕ ಮಾಡಿ ತೋರಿಸುತ್ತೇನೆ, ಏಕೆಂದರೆ ಸಿವಿಲ್ ಕೆಲಸಗಳಲ್ಲಿ ಜಾಸ್ತಿ ತಪ್ಪು ಆಗುವುದು ಇಲ್ಲೇ. 1 ಕೋಟಿಗಿಂತ ದೊಡ್ಡ ಕೆಲಸಗಳ ಕೆಡಬ್ಲ್ಯೂ-4 ಅನ್ನುವ ಮಾದರಿ ಟೆಂಡರ್ ದಾಖಲೆಯಲ್ಲಿ ಬಿಡ್ ಸಾಮರ್ಥ್ಯದ ಸೂತ್ರ ಇರುತ್ತದೆ: ಎ × ಎನ್ × 1.5 − ಬಿ. 'ಎ' ಅಂದರೆ ಕಳೆದ 5 ವರ್ಷದಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಅತಿ ಹೆಚ್ಚು ಕೆಲಸದ ಮೌಲ್ಯ. 'ಎನ್' ಅಂದರೆ ಈ ಕೆಲಸ ಮುಗಿಸಲು ಕೊಟ್ಟ ಅವಧಿ, ವರ್ಷದಲ್ಲಿ. 'ಬಿ' ಅಂದರೆ ಆ ಅವಧಿಯಲ್ಲಿ ಬಿಡ್‌ದಾರರು ಮಾಡಿ ಮುಗಿಸಬೇಕಾದ, ಈಗಾಗಲೇ ಕೈಯಲ್ಲಿರುವ ಕೆಲಸ.

2.80 ಕೋಟಿಯ ಕೆಲಸ, ಅವಧಿ 9 ತಿಂಗಳು ಅಂತ ಇಟ್ಟುಕೊಳ್ಳಿ. ಗೆದ್ದವರ 'ಎ' 3 ಕೋಟಿ. 3 × 0.75 × 1.5 ಅಂದರೆ 3.375 ಕೋಟಿ. ಕೈಯಲ್ಲಿರುವ ಕೆಲಸ 40 ಲಕ್ಷ ಅಂತ ಅವರು ಘೋಷಿಸಿದ್ದಾರೆ. ಉಳಿದದ್ದು 2.975 ಕೋಟಿ, ಪಾಸ್. ಆದರೆ ಅದೇ ಪೋರ್ಟಲಿನಲ್ಲಿ ಹುಡುಕಿದರೆ ಅವರಿಗೆ ಎರಡು ತಿಂಗಳ ಹಿಂದೆ ಇನ್ನೊಂದು ಕಡೆ 1.10 ಕೋಟಿಯ ಕಿಂಡಿ ಅಣೆಕಟ್ಟಿನ ಕೆಲಸ ಸಿಕ್ಕಿದ್ದು, ಅದು ಇದೇ ಅವಧಿಯಲ್ಲಿ ಮುಗಿಯಬೇಕಾದದ್ದು ಕಾಣಿಸುತ್ತದೆ. ಆಗ 'ಬಿ' 1.50 ಕೋಟಿ. ಸಾಮರ್ಥ್ಯ 1.875 ಕೋಟಿಗೆ ಇಳಿಯಿತು, ಫೇಲ್. ಈ ಎರಡು ಸಾಲಿನ ಲೆಕ್ಕ ಮತ್ತು ಆ ಪುಟದ ಪ್ರಿಂಟ್, ಹತ್ತು ಪುಟದ ಬೇಸರದ ಮಾತಿಗಿಂತ ಎಷ್ಟೋ ಗಟ್ಟಿ. ಸೂತ್ರದಲ್ಲಿ 1.5ರ ಬದಲು ಬೇರೆ ಅಂಕಿ ಇರುವ ಟೆಂಡರ್‌ಗಳೂ ಉಂಟು, ನಿಮ್ಮ ದಾಖಲೆಯದ್ದನ್ನೇ ಬಳಸಿ.

ಸಣ್ಣ ತಪ್ಪು, ದೊಡ್ಡ ತಪ್ಪು ಅನ್ನುವ ವ್ಯತ್ಯಾಸವೂ ಗೊತ್ತಿರಬೇಕು. 1991ರ ಪೋದ್ದಾರ್ ಸ್ಟೀಲ್ ಪ್ರಕರಣ ನೋಡಿ. ವಾರಾಣಸಿಯ ರೈಲ್ವೆ ಎಂಜಿನ್ ಕಾರ್ಖಾನೆಯ ಗುಜರಿ ಮಾರಾಟದ ಟೆಂಡರ್ ಅದು. ಇಎಂಡಿಯನ್ನು, ಅಂದರೆ ಬಿಡ್ ಜೊತೆ ಇಡುವ ಠೇವಣಿಯನ್ನು, ನಗದಾಗಿ ಅಥವಾ ಸ್ಟೇಟ್ ಬ್ಯಾಂಕಿನ ಡ್ರಾಫ್ಟಿನಲ್ಲಿ ಕೊಡಬೇಕಿತ್ತು, ಇವರು ಯೂನಿಯನ್ ಬ್ಯಾಂಕಿನ ಚೆಕ್ ಕೊಟ್ಟಿದ್ದರು. ಬ್ಯಾಂಕೇ ಕೊಟ್ಟ ಚೆಕ್, ಹಣಕ್ಕೆ ಏನೂ ಅಪಾಯ ಇಲ್ಲ, ಇಂಥ ಪೂರಕ ಶರತ್ತನ್ನು ಇಲಾಖೆ ಸಡಿಲಿಸಬಹುದು ಅಂತ ಸುಪ್ರೀಂ ಕೋರ್ಟ್ ಒಪ್ಪಿತು. ಇದು ಎರಡು ಕಡೆಗೂ ಕೆಲಸ ಮಾಡುತ್ತದೆ. ಎದುರಾಳಿಯ ಕಾಗದದಲ್ಲಿ ಒಂದು ಸೀಲ್ ಕಡಿಮೆ ಇತ್ತು ಅಂತ ಹಿಡಿದುಕೊಂಡು ಹೋದರೆ ನಿಮ್ಮ ಕೇಸ್ ನಿಲ್ಲದಿರಬಹುದು. ಅದೇ ನಿಮ್ಮನ್ನೇ ಅಂಥ ಸಣ್ಣ ಕಾರಣಕ್ಕೆ ತೆಗೆದಿದ್ದರೆ, ಇನ್ನೊಬ್ಬರಿಗೆ ಸಡಿಲ ಮಾಡಿ ನಿಮಗೆ ಮಾಡದಿದ್ದರೆ, ಅದು ಸಮಾನತೆಯ ಪ್ರಶ್ನೆ. ಸಂವಿಧಾನದ 14ನೇ ವಿಧಿ ಬರುವುದು ಅಲ್ಲಿಯೇ.

ಶರತ್ತೇ ಯಾರಿಗೋ ಹೊಲಿದ ಅಂಗಿಯ ಹಾಗಿತ್ತು ಅನ್ನುವ ದೂರಾದರೆ, ಅದನ್ನು ಹೇಳುವ ಸಮಯ ಬಿಡ್ ಹಾಕುವ ಮೊದಲು. ಪ್ರೀ-ಬಿಡ್ ಸಭೆಯಲ್ಲಿ ಲಿಖಿತವಾಗಿ ಕೇಳಿ. ಸುಮ್ನೆ ಭಾಗವಹಿಸಿ, ಸೋತ ಮೇಲೆ ಶರತ್ತೇ ಸರಿ ಇಲ್ಲ ಅಂದರೆ ಯಾರೂ ಕೇಳುವುದಿಲ್ಲ.

ಪತ್ರ: ಮೂರು ದಿನದ ಒಳಗೆ

ತಾಂತ್ರಿಕ ಹಂತದಲ್ಲಿ ತಿರಸ್ಕಾರ ಆಗಿದ್ದರೆ ಎರಡನೇ ಲಕೋಟೆ ತೆರೆಯುವ ಮೊದಲೇ ಪತ್ರ ಹೋಗಬೇಕು. ದರ ಬಹಿರಂಗ ಆದ ಮೇಲೆ ಹಿಂದಕ್ಕೆ ಹೋಗುವುದು ಕಷ್ಟ. ನಾನು ಈಗ ಬಳಸುವ ಮಾದರಿ ಹೀಗಿದೆ:

"ಟೆಂಡರ್ ಸಂಖ್ಯೆ ಇಂಥದ್ದರಲ್ಲಿ ನಮ್ಮ ಬಿಡ್ ಅನ್ನು ಟರ್ನೋವರ್ ಪ್ರಮಾಣಪತ್ರದಲ್ಲಿ ಯುಡಿಐಎನ್ ಇಲ್ಲವೆಂಬ ಕಾರಣಕ್ಕೆ ತಿರಸ್ಕರಿಸಿರುವುದು ಇಂಥ ದಿನ ಪೋರ್ಟಲಿನಿಂದ ತಿಳಿಯಿತು. ಸದರಿ ಸಂಖ್ಯೆ ನಾವು ಅಪ್‌ಲೋಡ್ ಮಾಡಿದ ಕಡತದ 14ನೇ ಪುಟದಲ್ಲಿ ಇದೆ. ಆ ಪುಟದ ಪ್ರತಿ ಮತ್ತು ಸಂಖ್ಯೆಯ ಆನ್‌ಲೈನ್ ಪರಿಶೀಲನೆಯ ಪ್ರತಿಯನ್ನು ಲಗತ್ತಿಸಿದೆ. ನಮ್ಮ ಬಿಡ್ ಅನ್ನು ಮರುಪರಿಶೀಲಿಸಿ ಲಿಖಿತ ಆದೇಶ ನೀಡಬೇಕು, ಅಲ್ಲಿಯವರೆಗೆ ಹಣಕಾಸು ಲಕೋಟೆ ತೆರೆಯಬಾರದು ಎಂದು ವಿನಂತಿ. ನಮ್ಮ ಬಿಡ್‌ನ ಅವಧಿ ವಿಸ್ತರಿಸಲು ಒಪ್ಪಿಗೆ ಇದೆ."

ಇಷ್ಟೇ ಸಾಕು. ಅಧಿಕಾರಿಯ ಮೇಲೆ ಆರೋಪ ಬೇಡ, ರಾಜಕೀಯದವರ ಹೆಸರು ಬೇಡ. ಟೆಂಡರ್ ಕರೆದ ಅಧಿಕಾರಿಗೆ ಒಂದು, ಟೆಂಡರ್ ಅಂಗೀಕರಿಸುವ ಪ್ರಾಧಿಕಾರಕ್ಕೆ ಒಂದು. ಇಮೇಲ್ ಮಾಡಿ, ಪೋಸ್ಟಿನಲ್ಲಿ ಕಳುಹಿಸಿ, ಕೈಯಲ್ಲೂ ಕೊಟ್ಟು ಟಪಾಲು ವಿಭಾಗದಲ್ಲಿ ಸೀಲ್, ದಿನಾಂಕ ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ನೋಡುತ್ತೇವೆ" ಅಂದರೆ ಸೀಲ್ ಇಲ್ಲದೆ ಹೊರಡಬೇಡಿ. ಪಾಪ, ಗುಮಾಸ್ತರಿಗೂ ಕೆಲಸ ಜಾಸ್ತಿ ಇರುತ್ತದೆ, ಜಗಳ ಬೇಡ, ನಗುತ್ತಲೇ ನಿಂತುಕೊಳ್ಳಿ.

16ನೇ ಸೆಕ್ಷನ್ನಿನ ಅಪೀಲು

ಕೆಟಿಪಿಪಿ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಟೆಂಡರ್ ಅಂಗೀಕರಿಸುವ ಪ್ರಾಧಿಕಾರ ಆದೇಶ ಮಾಡಬೇಕು, ಅದರ ಜೊತೆ ಬಿಡ್‌ಗಳ ತುಲನಾತ್ಮಕ ವಿಶ್ಲೇಷಣೆ ಮತ್ತು ಅಂಗೀಕರಿಸಿದ ಕಾರಣ ಇರಬೇಕು. ಆ ತುಲನಾ ಪಟ್ಟಿಯ ಪ್ರತಿ ಬೇಕು ಅಂತ ಬರೆದು ಕೇಳಿ. ಗೆದ್ದವರಿಗೆ ಯಾವ ಅಂಶಕ್ಕೆ ಸರಿ ಹಾಕಿದ್ದಾರೆ, ನಿಮಗೆ ಯಾವುದಕ್ಕೆ ತಪ್ಪು ಹಾಕಿದ್ದಾರೆ ಅನ್ನುವುದು ಅದರಲ್ಲೇ ಕಾಣುವುದು.

ಆ ಆದೇಶದಿಂದ ನೊಂದ ಟೆಂಡರುದಾರ, ಆದೇಶ ತಲುಪಿದ ದಿನದಿಂದ 30 ದಿನದ ಒಳಗೆ 16ನೇ ಸೆಕ್ಷನ್ ಅಡಿ ಅಪೀಲು ಹಾಕಬಹುದು. ಯಾರಿಗೆ ಹಾಕಬೇಕು ಅನ್ನುವುದು ಅಂಗೀಕರಿಸಿದ ಅಧಿಕಾರಿ ಯಾರು ಅನ್ನುವುದರ ಮೇಲೆ ನಿಂತಿದೆ, ಟೆಂಡರ್ ದಾಖಲೆಯಲ್ಲಿ ನೋಡಿ, ಇಲ್ಲದಿದ್ದರೆ ಆಕ್ಷೇಪಣೆ ಪತ್ರದಲ್ಲೇ "ಅಪೀಲು ಪ್ರಾಧಿಕಾರ ಯಾರೆಂದು ತಿಳಿಸಿ" ಅಂತ ಒಂದು ಸಾಲು ಸೇರಿಸಿ. ಎರಡೂ ಕಡೆಯವರನ್ನು ಕೇಳಿ ಪ್ರಾಧಿಕಾರ ಆದೇಶ ಮಾಡುತ್ತದೆ.

ಅಪೀಲು ಮೂರು ನಾಲ್ಕು ಪುಟ ಮೀರದಿರಲಿ. ಮೊದಲ ಪುಟದಲ್ಲಿ ದಿನಾಂಕಗಳು ಸಾಲಾಗಿ. ಎರಡನೆಯದರಲ್ಲಿ ಟೆಂಡರಿನ ಯಾವ ಕ್ಲಾಸ್, ಅದರಲ್ಲಿ ಏನು ಬರೆದಿದೆ, ಆದದ್ದು ಏನು. ಆಮೇಲೆ ನಿಮ್ಮ ಬೇಡಿಕೆ. ಅದರಲ್ಲಿ ಅಪೀಲು ತೀರ್ಮಾನ ಆಗುವವರೆಗೆ ಕಾರ್ಯಾದೇಶ ಕೊಡಬಾರದು, ಕರಾರು ಮಾಡಿಕೊಳ್ಳಬಾರದು ಅಂತ ಮಧ್ಯಂತರ ಕೋರಿಕೆ ಇರಲೇಬೇಕು. ಗೆದ್ದವರನ್ನು ಎದುರುದಾರರಾಗಿ ಸೇರಿಸಿ, ಅವರನ್ನು ಕೇಳದೆ ಅವರ ಕೆಲಸ ಕಿತ್ತುಕೊಳ್ಳಲು ಆಗುವುದಿಲ್ಲ.

ಒಂದು ತೊಡಕು ಉಂಟು. ಅಪೀಲು ಇರುವುದು 13ರ ಅಂಗೀಕಾರ ಆದೇಶದ ಮೇಲೆ. ನಿಮ್ಮನ್ನು ತಾಂತ್ರಿಕ ಹಂತದಲ್ಲೇ ತೆಗೆದು, ಅಂಗೀಕಾರ ಆದೇಶ ಇನ್ನೂ ಆಗದಿದ್ದರೆ, "ಈಗಲೇ ಅಪೀಲು ಬರುವುದಿಲ್ಲ" ಅನ್ನುವ ವಾದ ಎದ್ದೇ ಏಳುತ್ತದೆ. ಹಾಗಂತ ಕಾಯುತ್ತಾ ಕೂತರೆ ಕೆಲಸ ಮುಂದೆ ಹೋಗಿರುತ್ತದೆ. ಈ ಹಂತದಲ್ಲಿ ಆಕ್ಷೇಪಣೆ ಪತ್ರ ಕೊಟ್ಟ ಕೂಡಲೇ ವಕೀಲರನ್ನು ನೋಡಿ.

ಮಾಹಿತಿ ಹಕ್ಕು: ಹಾಕಿ, ಆದರೆ ಅದಕ್ಕೇ ಕಾಯಬೇಡಿ

"ಮೊದಲು ಆರ್‌ಟಿಐ ಹಾಕಿ ದಾಖಲೆ ತೆಗೆಯುವಾ, ಆಮೇಲೆ ಅಪೀಲು" ಅಂತ ಹೇಳುವವರು ಬಹಳ ಜನ. ಲೆಕ್ಕ ಹಾಕಿ ನೋಡಿ. ಅರ್ಜಿಗೆ ಉತ್ತರ ಕೊಡಲು 30 ದಿನ. ಕೇಳಿದ್ದು ಗೆದ್ದವರ ದಾಖಲೆಯಾದರೆ ಅವರು ಮೂರನೇ ವ್ಯಕ್ತಿ, 5 ದಿನದಲ್ಲಿ ಅವರಿಗೆ ನೋಟಿಸ್, ಉತ್ತರಕ್ಕೆ ಅವರಿಗೆ 10 ದಿನ, ಒಟ್ಟು 40 ದಿನದವರೆಗೆ ಹೋಗಬಹುದು. ನಿಮ್ಮ ಅಪೀಲಿನ ಅವಧಿ ಅಷ್ಟರಲ್ಲಿ ಮುಗಿದಿರುತ್ತದೆ. ಎರಡನ್ನೂ ಒಂದೇ ದಿನ ಶುರು ಮಾಡಿ. ದಾಖಲೆ ಸಿಕ್ಕ ಮೇಲೆ ಅಪೀಲಿಗೆ ಹೆಚ್ಚುವರಿ ಆಧಾರ ಸೇರಿಸಲು ಕೋರಬಹುದು.

ನಮ್ಮ ರಾಜ್ಯದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಉದ್ದ ಬರೆದು ವಾಪಸ್ ಬಂದರೆ ನಿಮಗೇ ನಷ್ಟ. "ತುಲನಾತ್ಮಕ ಪಟ್ಟಿ, ಟೆಂಡರ್ ಪರಿಶೀಲನಾ ಸಮಿತಿಯ ನಡವಳಿ, ಕಡತದ ಟಿಪ್ಪಣಿ ಹಾಳೆ" ಅಂತ ನೇರವಾಗಿ ಕೇಳಿ. ಪ್ರತಿಗಿಂತ ಕಡತ ಪರಿಶೀಲನೆ ಕೇಳುವುದು ನನಗೆ ಇಷ್ಟ. ಮೊದಲ ಒಂದು ಗಂಟೆಗೆ ಶುಲ್ಕ ಇಲ್ಲ, ಮತ್ತೆ ಪ್ರತಿ ಅರ್ಧ ಗಂಟೆಗೆ 20 ರೂಪಾಯಿ. ಟಿಪ್ಪಣಿ ಹಾಳೆಯಲ್ಲಿ ಯಾರು ಯಾವ ದಿನ ಏನು ಬರೆದರು ಅನ್ನುವುದು ಕಣ್ಣಿಗೆ ಬೀಳುತ್ತದೆ. ವ್ಯಾಪಾರ ರಹಸ್ಯ ಅಂತ 8(1)(ಡಿ) ಹೇಳಿ ತಿರಸ್ಕರಿಸಿದರೆ ಮೊದಲ ಮೇಲ್ಮನವಿ ಹಾಕಿ. ಅದಕ್ಕೂ 30 ದಿನದ ಗಡುವು ಉಂಟು.

ಹೈಕೋರ್ಟ್

ದಕ್ಷಿಣ ಕನ್ನಡ, ಉಡುಪಿಯವರಿಗೆ ಹೈಕೋರ್ಟ್ ಅಂದರೆ ಬೆಂಗಳೂರಿನ ಪ್ರಧಾನ ಪೀಠ. ಧಾರವಾಡ, ಕಲಬುರಗಿ ಪೀಠ ನಮಗೆ ಬರುವುದಿಲ್ಲ. ಮಂಗಳೂರಿಗೆ ಒಂದು ಪೀಠ ಬೇಕು ಅಂತ ಇಲ್ಲಿನ ವಕೀಲರು ಕೇಳುತ್ತಲೇ ಇದ್ದಾರೆ. ಅದು ಆದರೆ ರಾತ್ರಿ ಬಸ್ಸಿನಲ್ಲಿ ಘಾಟಿ ಹತ್ತುವ ನಮ್ಮ ಖರ್ಚು ಎಷ್ಟೋ ಉಳಿಯುತ್ತದೆ. ಈಗ ಇ-ಫೈಲಿಂಗ್, ವಿಡಿಯೋ ಕಾನ್ಫರೆನ್ಸ್ ಇರುವುದರಿಂದ ಸ್ವಲ್ಪ ಹಗುರ ಆಗಿದೆ.

ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿಗೆ ಇಷ್ಟೇ ದಿನ ಅಂತ ಲೆಕ್ಕ ಇಲ್ಲ. ಇದನ್ನು ನಂಬಿ ಕೂತವರು ಕೆಡುತ್ತಾರೆ. ರಮಣ ದಯಾರಾಮ ಶೆಟ್ಟಿ ಪ್ರಕರಣವನ್ನು ಪ್ರತಿಯೊಬ್ಬ ಕಂಟ್ರಾಕ್ಟರ್ ತಿಳಿದಿರಬೇಕು ಅಂತ ನನಗೆ ಅನ್ನಿಸುತ್ತದೆ. ಬಾಂಬೆ ವಿಮಾನ ನಿಲ್ದಾಣದಲ್ಲಿ ರೆಸ್ಟೋರೆಂಟ್ ಮತ್ತು ತಿಂಡಿ ಮಳಿಗೆ ನಡೆಸಲು 1977ರಲ್ಲಿ ಕರೆದ ಟೆಂಡರ್ ಅದು. ಕನಿಷ್ಠ 5 ವರ್ಷ ಅನುಭವದ ನೋಂದಾಯಿತ ಎರಡನೇ ದರ್ಜೆ ಹೋಟೆಲಿನವರು ಮಾತ್ರ ಬರಬೇಕು ಅಂತ ಶರತ್ತು. ಕೊಟ್ಟದ್ದು ಕ್ಯಾಂಟೀನ್ ನಡೆಸಿ ಅನುಭವ ಇದ್ದವರಿಗೆ. 1979ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು, ಸರ್ಕಾರ ತಾನೇ ಬರೆದ ಅರ್ಹತೆಯನ್ನು ತಾನೇ ಮೀರುವ ಹಾಗಿಲ್ಲ, ಆ ಶರತ್ತು ನೋಡಿ ಬಿಡ್ ಹಾಕದೆ ಕೂತವರಿಗೆ ಅದು ಅನ್ಯಾಯ ಅಂತ. ಇವತ್ತಿಗೂ ನಮ್ಮ ಕೈಯಲ್ಲಿರುವ ದೊಡ್ಡ ಆಯುಧ ಆ ಮಾತು. ಆದರೆ ಶೆಟ್ಟಿಯವರಿಗೆ ಪರಿಹಾರ ಸಿಗಲಿಲ್ಲ! ಟೆಂಡರ್ ಅಂಗೀಕಾರ ಆಗಿ ಐದು ತಿಂಗಳಿಗೂ ಮೇಲೆ ಕೋರ್ಟಿಗೆ ಬಂದಿದ್ದರು, ಅಷ್ಟರಲ್ಲಿ ಗೆದ್ದವರು ಹಣ ಹಾಕಿ ಕೆಲಸ ಶುರು ಮಾಡಿದ್ದರು. ಟೆಂಡರಿನಲ್ಲಿ ಅವರಿಗೆ ನಿಜವಾದ ಆಸಕ್ತಿಯೂ ಇರಲಿಲ್ಲ, ಬೇರೆಯವರ ಪರವಾಗಿ ಬಂದವರು ಅಂತಲೂ ಕೋರ್ಟಿಗೆ ಕಂಡಿತ್ತು.

ಹಾಗಾಗಿ ಕೆಲಸ ಶುರುವಾಗುವ ಮೊದಲು ಹೋಗಬೇಕು. ಅಪೀಲಿಗೆ ಅವಕಾಶ ಇದ್ದಾಗ ಅದನ್ನು ಬಳಸದೆ ನೇರ ಹೋದರೆ "ಮೊದಲು ಅಲ್ಲಿಗೆ ಹೋಗಿ" ಅಂತ ವಾಪಸ್ ಕಳುಹಿಸುವುದು ಸಾಮಾನ್ಯ. ಅಪೀಲು ಹಾಕಿ ಅವರು ಮಧ್ಯಂತರ ಕೋರಿಕೆಯನ್ನು ಮುಟ್ಟದೆ ಕೂತರೆ, ಅದನ್ನೇ ಹೇಳಿ ಹೈಕೋರ್ಟಿಗೆ ಹೋಗಬಹುದು. ಗೆದ್ದವರು ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಅಂತ ಮೊದಲೇ ಕೊಡುವ ಅರ್ಜಿ) ಹಾಕಿ ಕೂತಿದ್ದರೆ ಅವರಿಗೆ ಹೇಳದೆ ತಡೆ ಸಿಗುವುದಿಲ್ಲ. ಕೇವಿಯಟ್ ಬಾಳುವುದು 90 ದಿನ.

ತಡೆಯಾಜ್ಞೆ ಬಗ್ಗೆ ನಿಜವನ್ನೇ ಹೇಳುತ್ತೇನೆ. ಈಗ ಸಿಗುವುದು ಕಷ್ಟ. ಜಾರ್ಖಂಡ್‌ನ ಒಂದು ರಸ್ತೆ ಕೆಲಸದ ಎನ್.ಜಿ. ಪ್ರಾಜೆಕ್ಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ, ಮೂಲಸೌಕರ್ಯ ಕೆಲಸಗಳಿಗೆ ತಡೆ ಕೊಡುವುದರಲ್ಲಿ ಕೋರ್ಟುಗಳು ಹಿಂದೆ ಸರಿಯಬೇಕು, ತಪ್ಪಾಗಿದ್ದರೆ ನಷ್ಟ ಪರಿಹಾರದ ದಾರಿ ನೋಡಬೇಕು ಅಂದಿತು. ನಮ್ಮ ಕರಾವಳಿಯಲ್ಲಿ ಇದರ ಜೊತೆ ಮಳೆಯೂ ಸೇರುತ್ತದೆ. ತೋಡಿನ ತಡೆಗೋಡೆ, ರಸ್ತೆ ಡಾಮರು, ಚರಂಡಿ, ಇವೆಲ್ಲ ಜೂನ್ ಮೊದಲು ಮುಗಿಯಬೇಕು. ಮಾರ್ಚಿನಲ್ಲಿ ನೀವು ತಡೆ ಕೇಳಿದರೆ ಸರ್ಕಾರಿ ವಕೀಲರು ಹೇಳುವ ಮೊದಲ ಮಾತೇ "ಮಳೆಗೆ ಮೊದಲು ಆಗದಿದ್ದರೆ ಮನೆಗಳಿಗೆ ನೀರು ನುಗ್ಗುತ್ತದೆ" ಅಂತ. ಅದು ಸುಳ್ಳೂ ಅಲ್ಲ. ಇಡೀ ಕೆಲಸಕ್ಕೆ ತಡೆ ಕೇಳುವ ಬದಲು, ಕರಾರಿಗೆ ಸಹಿ ಆಗುವುದನ್ನು ಎರಡು ವಾರ ನಿಲ್ಲಿಸಿ, ಅಷ್ಟರಲ್ಲಿ ಅಪೀಲು ತೀರ್ಮಾನಿಸಲು ನಿರ್ದೇಶನ ಕೊಡಿ ಅಂತ ಕೇಳಿದರೆ ಒಪ್ಪುವ ಸಾಧ್ಯತೆ ಹೆಚ್ಚು. ನಾನು ಜೊತೆಗಿದ್ದ ಒಂದು ಪ್ರಕರಣದಲ್ಲಿ ಹೀಗೆ ಕೇಳಿದ್ದೇ ಕೈ ಹಿಡಿಯಿತು. ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. 2024ರ ಬನ್ಶೀಧರ್ ಕನ್‌ಸ್ಟ್ರಕ್ಷನ್ ಪ್ರಕರಣದಲ್ಲಿ, ಭಾರತ್ ಕೋಕಿಂಗ್ ಕೋಲ್ ಒಬ್ಬರನ್ನು ಕಾಗದದ ಕಾರಣಕ್ಕೆ ತೆಗೆದು ಇನ್ನೊಬ್ಬರಿಗೆ ಕೊಟ್ಟದ್ದನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದೆ.

ಮಂಗಳೂರು, ಉಡುಪಿಯ ಸಿವಿಲ್ ಕೋರ್ಟಿನಲ್ಲಿ ಇಂಜಂಕ್ಷನ್ ದಾವೆ ಹಾಕುವ ಯೋಚನೆ ಇದ್ದರೆ ಒಮ್ಮೆ ನಿಲ್ಲಿ. ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆಗಿ, ರಸ್ತೆ, ನೀರು, ವಿದ್ಯುತ್‌ನಂಥ ಮೂಲಸೌಕರ್ಯ ಯೋಜನೆ ತಡವಾಗುವ ಹಾಗೆ ಇಂಜಂಕ್ಷನ್ ಕೊಡಬಾರದು ಅಂತ ಬಂದಿದೆ.

ಲೋಕಾಯುಕ್ತ, ಸ್ಪರ್ಧಾ ಆಯೋಗ

ಲಂಚ ಕೇಳಿದ್ದಕ್ಕೆ ಸಾಕ್ಷಿ ಇದ್ದರೆ ಲೋಕಾಯುಕ್ತಕ್ಕೆ ಹೋಗಿ. ಬಿಡ್ ಹಾಕಿದವರೆಲ್ಲ ಒಟ್ಟುಗೂಡಿ ದರ ಹಂಚಿಕೊಂಡಿದ್ದರೆ, 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಅಡಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಡಬಹುದು. ಎರಡೂ ಬೇಕಾದ ಕೆಲಸವೇ, ಆದರೆ ಇವು ಆ ಟೆಂಡರನ್ನು ನಿಮಗೆ ವಾಪಸ್ ತಂದುಕೊಡುವ ದಾರಿಯಲ್ಲ. ಅಪೀಲಿನ ಬದಲು ಇವನ್ನು ಹಿಡಿದರೆ ಆ 30 ದಿನ ಕೈಬಿಟ್ಟು ಹೋಗುತ್ತದೆ.

ಇಎಂಡಿ

ಕೊನೆಗೆ ಹಣದ ವಿಷಯ. ಬಿಡ್‌ನ ಅವಧಿ ಮುಗಿಯುವ ಮೊದಲೇ ಸಿಟ್ಟಿನಿಂದ "ನನ್ನ ಬಿಡ್ ವಾಪಸ್ ತೆಗೆದುಕೊಳ್ಳುತ್ತೇನೆ" ಅಂತ ಪತ್ರ ಕೊಟ್ಟು ಇಎಂಡಿ ಕಳೆದುಕೊಂಡವರು ಉಂಟು, ಹಾಗೆ ಮಾಡಬೇಡಿ. ವ್ಯಾಜ್ಯ ನಡೆಯುತ್ತಿರುವಾಗ ಪೋರ್ಟಲಿನಿಂದ ಇಎಂಡಿ ತಾನಾಗಿ ನಿಮ್ಮ ಖಾತೆಗೆ ವಾಪಸ್ ಬಂದರೆ ಅದೇ ದಿನ ಒಂದು ಸಾಲು ಬರೆಯಿರಿ: "ಹಣ ಬಂದಿದೆ, ನಮ್ಮ ಆಕ್ಷೇಪಣೆ ಹಾಗೆಯೇ ಮುಂದುವರಿಯುತ್ತದೆ, ಕೇಳಿದರೆ ಮತ್ತೆ ಕಟ್ಟಲು ಸಿದ್ಧರಿದ್ದೇವೆ." ಅದಕ್ಕೂ ಸೀಲ್ ಹಾಕಿಸಿಕೊಳ್ಳಿ.